ಗುಮ್ಮನಗುಸುಕರ ಪರವಾಗಿ ಎರಡು ಮಾತು

ನಮ್ಮ ಭಾಷೆಯಲ್ಲಿ ಮಾತು ಕಡಮೆಯಾದ ಮನುಷ್ಯನಿಗೆ ಎಷ್ಟು ಹೆಸರುಗಳಿವೆಯೆಂಬುದನ್ನು ವಾಚಕರು ಎಂದಾದರೂ ಎಣಿಸಿ ನೋಡಿದ್ದಾರೆಯೇ? ಗುಮ್ಮನಗುಸುಕ, ಮೂಗಬಸವ, ಬಾಯಿಸತ್ತವ, ಬಾಯಲ್ಲಿ ಕಡುಬು ಇಟ್ಟುಕೊಂಡವ, ಯಾರೊಂದಿಗೂ ಸೇರದವ. ಇವುಗಳಲ್ಲಿ ಒಂದಾದರೂ ಪ್ರೀತಿಯಿಂದ ಹುಟ್ಟಿದ ಹೆಸರಲ್ಲ. ಅತಿಯಾಗಿ ಮಾತಾಡುವವನನ್ನೂ ನಾವು ಬಿಟ್ಟವರಲ್ಲ. ಅವನನ್ನು ಬಾಯಿಬಡುಕನೆಂದಿದ್ದೇವೆ, ವಾಚಾಳಿಯೆಂದಿದ್ದೇವೆ, ಹರಟೆಮಲ್ಲನೆಂದಿದ್ದೇವೆ. ಆದರೆ ಈ ಬೈಗುಳದಲ್ಲಿ ಒಂದು ಬಗೆಯ ಸಲಿಗೆಯುಂಟು. ಹರಟೆಗೆ 'ಮಲ್ಲ' ಶಬ್ದವನ್ನು ಅಂಟಿಸಿದಾಗಲೇ ಅರ್ಧ ಬಿರುದು ಕೊಟ್ಟಂತಾಯಿತು. ಗುಮ್ಮನಗುಸುಕನ ಪಾಡು ಬೇರೆ. ಆ ಹೆಸರಿನಲ್ಲಿ ಸಲಿಗೆಯಿಲ್ಲ, ಸಂಶಯವಿದೆ: ಇವನು ಒಳಗೆ ಏನನ್ನೋ ಬಚ್ಚಿಟ್ಟುಕೊಂಡಿದ್ದಾನೆ, ಎಚ್ಚರವಾಗಿರಬೇಕು ಎಂಬ ಸಂಶಯ. ಮಿತಭಾಷಿ ಎಂಬ ಮರ್ಯಾದೆಯ ಸಂಸ್ಕೃತ ಶಬ್ದವೊಂದು ಇದೆ, ನಿಜ. ಅದನ್ನು ನಾವು ಹೆಚ್ಚಾಗಿ ಬೀಳ್ಕೊಡುಗೆಯ ಸಭೆಗೂ ಶ್ರದ್ಧಾಂಜಲಿಯ ಪ್ರಕಟಣೆಗೂ ಮೀಸಲಿಟ್ಟಿದ್ದೇವೆ. ಮೂವತ್ತು ವರ್ಷ ಗುಮ್ಮನಗುಸುಕನಾಗಿದ್ದವನು ನಿವೃತ್ತಿಯ ದಿನ ಕೊರಳಿಗೆ ಹಾರ ಬಿದ್ದ ಕ್ಷಣದಲ್ಲಿ ಮಿತಭಾಷಿಯಾಗುತ್ತಾನೆ.

ಗಾದೆಗಳನ್ನು ಕೇಳಿದರೆ ಅವು ಎರಡೂ ಕಡೆಗೆ ಸಾಕ್ಷಿ ಹೇಳುತ್ತವೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವವರೂ ನಾವೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವವರೂ ನಾವೇ. ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟು ಬೆಳ್ಳಿಯನ್ನು ಪೇಟೆಯಲ್ಲಿ ಚಲಾಯಿಸುವುದು ಲೋಕದ ರೀತಿಯಾದ್ದರಿಂದ, ನಿತ್ಯದ ವ್ಯವಹಾರದಲ್ಲಿ ಬೆಲೆಯುಳ್ಳದ್ದು ಬೆಳ್ಳಿಯೇ. ಇನ್ನು, ಮೌನಂ ಸಮ್ಮತಿಲಕ್ಷಣಂ ಎಂಬ ಮಾತೊಂದಿದೆಯಲ್ಲ, ಅದರಷ್ಟು ಅನುಕೂಲವಾದ ಸೂತ್ರವನ್ನು ಮಾತುಗಾರರು ತಮಗಾಗಿ ಮತ್ತೊಂದು ರಚಿಸಿಕೊಂಡಿಲ್ಲ. ಎದುರಿಗಿರುವವನು ಮಾತಾಡದಿದ್ದರೆ ಅವನ ಪರವಾಗಿ ನಾವೇ ಉತ್ತರ ಕೊಟ್ಟುಕೊಳ್ಳಬಹುದು. ಬಾಗಿಲ ಹಿಂದೆ ನಿಂತಿದ್ದ ಎಷ್ಟು ಹೆಣ್ಣುಮಕ್ಕಳ ಮದುವೆ ಈ ಸೂತ್ರದ ಬಲದ ಮೇಲೆ ನಿಶ್ಚಯವಾಗಿಲ್ಲ!

ಇಂದಿನ ಪಟ್ಟಣದಲ್ಲಿ ಮೌನಿಯಾದವನ ದಿನಚರಿ ಹೇಗಿರುತ್ತದೆಂಬುದು ಈ ವರ್ಗಕ್ಕೆ ಸೇರಿದವನಾದ ನನಗೆ ಚೆನ್ನಾಗಿ ಗೊತ್ತು. ಮದುವೆಯ ಪಂಕ್ತಿಯಲ್ಲಿ ಕೂತರೆ, ಎಡಬಲದವರು ನಮ್ಮ ಊರು, ಸಂಬಳ, ಸೈಟು, ಮಕ್ಕಳ ಅಂಕಗಳನ್ನು ವಿಚಾರಿಸಿ ಮುಗಿಸುತ್ತಾರೆ. ನಾವು ತಿರುಗಿ ವಿಚಾರಿಸದಿದ್ದರೆ ಅದು ಜಂಬವೆನಿಸುತ್ತದೆ. ಅಧ್ಯಾಪಕರ ಕೊಠಡಿಯಲ್ಲಿ ಪುಸ್ತಕ ತೆರೆದರೆ, "ಏನು ಸ್ವಾಮಿ, ಮೈ ಚೆನ್ನಾಗಿಲ್ಲವೆ?" ಎಂಬ ಪ್ರಶ್ನೆ ಬರುತ್ತದೆ. ಮಾತಿಲ್ಲದಿರುವುದು ಒಂದು ಕಾಯಿಲೆಯ ಲಕ್ಷಣವೆಂದು ಲೋಕ ತೀರ್ಮಾನಿಸಿದಂತಿದೆ. ಈಗಿನ ಹುಡುಗರ ಪಾಡು ಇನ್ನೂ ಕಠಿಣ. ಕೆಲಸಕ್ಕೆ ಹೋಗುವವನು ಲೆಕ್ಕ ಬಲ್ಲನೆ, ಯಂತ್ರ ಬಲ್ಲನೆ ಎಂದು ನೋಡಿ ಮುಗಿಸುವುದಿಲ್ಲ. ಹತ್ತು ಜನರನ್ನು ಸುತ್ತಲೂ ಕೂರಿಸಿ 'ಗುಂಪು ಚರ್ಚೆ' ನಡೆಸಿ, ಯಾರು ಯಾರ ಮಾತನ್ನು ತುಂಡರಿಸಬಲ್ಲರೆಂದೂ ಪರೀಕ್ಷಿಸುತ್ತಾರೆ. ವ್ಯಕ್ತಿತ್ವ ವಿಕಸನವೆಂಬ ಹೆಸರಿನಲ್ಲಿ ಪೇಟೆಯ ಮಾಳಿಗೆಗಳಲ್ಲಿ ನಡೆಯುವ ತರಗತಿಗಳು ಕಲಿಸುವುದೂ ಬಹುಮಟ್ಟಿಗೆ ಇದನ್ನೇ.

ಇಷ್ಟನ್ನು ಹೇಳಿ ಸಮಾಜವನ್ನು ದೂರಿ ಕೂರುವುದು ನನ್ನ ಉದ್ದೇಶವಲ್ಲ. ಕನ್ನಡವನ್ನು ಕಲಿಸಿ ಹೊಟ್ಟೆ ಹೊರೆಯುವವನಾದ್ದರಿಂದ, ಈ ಪ್ರಶ್ನೆಯನ್ನು ನಮ್ಮ ಸಾಹಿತ್ಯದ ಬಾಗಿಲಿಗೆ ಕೊಂಡೊಯ್ದು ಕೇಳಬೇಕೆಂದಿದ್ದೇನೆ. ಮಾತಿಲ್ಲದವನನ್ನು ನಮ್ಮ ಊರು ಕಂಡ ಬಗೆ ಒಂದಾದರೆ, ನಮ್ಮ ಕಾದಂಬರಿಕಾರರು ಕಂಡ ಬಗೆ ಬೇರೆಯೇ? ಬೇರೆಯಾದರೆ, ಅದರಿಂದ ನಾವು ಕಲಿಯತಕ್ಕದ್ದೇನು?

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮದು ಬಾಯಿಂದ ಕಿವಿಗೆ ಬೆಳೆದ ಸಾಹಿತ್ಯ. 12ನೆಯ ಶತಮಾನದಲ್ಲಿ ಶರಣರು ತಮ್ಮ ರಚನೆಗಳಿಗೆ ಕೊಟ್ಟುಕೊಂಡ ಹೆಸರು ವಚನ. ಹಾಗೆಂದರೆ ಮಾತು ಎಂದೇ ಅರ್ಥ. ಕುಮಾರವ್ಯಾಸನ ಕಾವ್ಯ ಗಮಕಿಗಳ ಕಂಠದಲ್ಲಿ ಊರೂರು ಸುತ್ತಿತು. ಹರಿಕಥೆಯ ದಾಸರು ರಾತ್ರಿಯಿಡೀ ಜನರನ್ನು ಕೂರಿಸಿದರು. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಜೊತೆಯಲ್ಲಿಯೇ ಸಮ್ಮೇಳನವೂ ಹುಟ್ಟಿತು. ಅಂದಿನಿಂದ ನಮ್ಮಲ್ಲಿ ಸಾಹಿತ್ಯಸೇವೆಯೆಂದರೆ ಅರ್ಧ ಭಾಗ ಭಾಷಣವೇ. ಮಾತಿನ ಈ ವೈಭವವನ್ನು ಹಳಿಯುವವನು ಕನ್ನಡದ ಬೇರನ್ನೇ ಹಳಿದಂತೆ.

ಕರಾವಳಿಯ ತಾಳಮದ್ದಳೆಯನ್ನು ನೋಡಿ. ಅಲ್ಲ, ನೋಡುವುದಕ್ಕೆ ಅಲ್ಲಿ ಏನಿದೆ? ವೇಷವಿಲ್ಲ, ಕುಣಿತವಿಲ್ಲ, ಕಿರೀಟವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆಯುಟ್ಟ ಅರ್ಥಧಾರಿಗಳು ಎದುರುಬದುರಾಗಿ ಕೂತು ಕೃಷ್ಣನೂ ಕರ್ಣನೂ ಆಗಿ ವಾದ ಹೂಡುತ್ತಾರೆ. ಬರಿಯ ಮಾತಿನಿಂದ ಒಂದು ಲೋಕ ಏಳುತ್ತದೆ. ಆದರೆ ತಾಳಮದ್ದಳೆಯ ರಸಿಕರು ಬಲ್ಲ ಗುಟ್ಟೊಂದಿದೆ. ಒಳ್ಳೆಯ ಅರ್ಥಧಾರಿಯನ್ನು ಗುರುತಿಸಬೇಕಾದರೆ ಅವನು ಮಾತಾಡುವಾಗ ನೋಡಿದರೆ ಸಾಲದು. ಎದುರಾಳಿ ಮಾತಾಡುವಾಗ ಅವನ ಮುಖವನ್ನು ನೋಡಬೇಕು. ಕೇಳುತ್ತಾ ಕೂತವನು ಮಾತ್ರ ಸರಿಯಾದ ಉತ್ತರ ಕೊಡಬಲ್ಲ. ಕೇಳದವನು ಮನೆಯಿಂದ ಕಟ್ಟಿ ತಂದ ಬುತ್ತಿಯನ್ನೇ ಬಿಚ್ಚುತ್ತಾನೆ. ಕಿವಿಯನ್ನು ಕಳೆದುಕೊಂಡ ಮಾತುಗಾರಿಕೆ ಬೇರೆಯೇ ಪದಾರ್ಥ. ಇಂದಿನ ನಮ್ಮ ಸಭೆಗಳಲ್ಲಿ, ಗುಂಪು ಚರ್ಚೆಗಳಲ್ಲಿ ಬೆಲೆ ಬಂದಿರುವುದು ಆ ಪದಾರ್ಥಕ್ಕೆ.

ಹಿಂದಿನ ತಲೆಮಾರಿನಲ್ಲಿ ಎರಡು ಬಗೆಯವರಿಗೂ ಎಡೆಯಿತ್ತೆಂಬುದಕ್ಕೆ ಸಾಕ್ಷಿಯುಂಟು. 1946ರಲ್ಲಿ ತೀರಿಕೊಂಡ ಕೈಲಾಸಂ ಅವರದು ಮಾತಿನಲ್ಲಿಯೇ ಅರಳಿದ ಪ್ರತಿಭೆ. ಅವರು ನಾಟಕಗಳನ್ನು ಹೇಳಿ ಬರೆಸಿದರು. ಅವರು ಆಡಿದ ಚಟಾಕಿಗಳನ್ನು ಬೆಂಗಳೂರು ಇಂದಿಗೂ ಹೇಳಿಕೊಂಡು ನಗುತ್ತದೆ. ಅದೇ ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು (1871-1950) ಸದ್ದಿಲ್ಲದ ಮನುಷ್ಯರು. ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದು 1932ರಲ್ಲಿ ಪ್ರಕಟವಾದ ಗ್ರಂಥವನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಆ ಪುಸ್ತಕದಲ್ಲಿ ಅನಗತ್ಯವಾದ ವಾಕ್ಯವೊಂದನ್ನು ಹುಡುಕುವುದು ಕಷ್ಟ. ಹಿರಿಯಣ್ಣನವರ ಚಟಾಕಿಯೆಂದು ಯಾರೂ ಹೇಳಿಕೊಳ್ಳುವುದಿಲ್ಲ. ಅವರನ್ನು ತಿಳಿಯಬೇಕಾದರೆ ಓದಬೇಕು; ಬೇರೆ ದಾರಿಯಿಲ್ಲ. ಈಗಿನ ಸಂದರ್ಶನ ಸಮಿತಿಯ ಮುಂದೆ ಈ ಇಬ್ಬರೂ ನಿಂತಿದ್ದರೆ ಯಾರಿಗೆ ಕೆಲಸ ಸಿಗುತ್ತಿತ್ತೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಇಲ್ಲಿ 'ಅಂತರ್ಮುಖಿ' ಎಂಬ ಶಬ್ದದ ವಿಚಾರವಾಗಿ ಒಂದು ಮಾತು ಅವಶ್ಯ. ಮನುಷ್ಯರಲ್ಲಿ ಒಳಮುಖದವರು, ಹೊರಮುಖದವರು ಎಂಬ ಎರಡು ಮನೋಧರ್ಮಗಳನ್ನು ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಯೂಂಗ್ 1921ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದ. ಅವನ ಶಬ್ದವನ್ನು ಕನ್ನಡಕ್ಕೆ ತರುವಾಗ ನಾವು ಅಂತರ್ಮುಖ ಎಂಬ ಹಳೆಯ ಶಬ್ದವನ್ನು ಬಳಸಿಕೊಂಡೆವು. ಈ ಶಬ್ದ ಬಂದದ್ದು ಯೋಗದ, ವೇದಾಂತದ ಮನೆಯಿಂದ. ಇಂದ್ರಿಯಗಳನ್ನು ಒಳಕ್ಕೆ ತಿರುಗಿಸಿದ ಸಾಧಕನ ಪ್ರಭೆ ಅದಕ್ಕೆ ಅಂಟಿಕೊಂಡಿದೆ. ಆದ್ದರಿಂದ ನಮ್ಮಲ್ಲಿ ಮೌನಿಯಾದವನಿಗೆ ಎರಡೇ ಪೀಠಗಳು ದೊರೆಯುತ್ತವೆ: ಒಂದು ರೋಗಿಯದು, ಇನ್ನೊಂದು ಋಷಿಯದು. ಶ್ರವಣಬೆಳಗೊಳದಲ್ಲಿ ಒಂದು ಸಾವಿರ ವರ್ಷಕ್ಕೂ ಮೇಲ್ಪಟ್ಟು ಮಾತಿಲ್ಲದೆ ನಿಂತಿರುವ ಗೊಮ್ಮಟನಿಗೆ ನಾವು ಕೈಮುಗಿಯುತ್ತೇವೆ. ಬೆಟ್ಟ ಇಳಿಯುವಾಗ, ಜೊತೆಯಲ್ಲಿ ಬಂದ ಸುಮ್ಮನಿರುವ ಹುಡುಗನನ್ನು ಏಕೆ ಹೀಗೆ ಮಂಕಾಗಿದ್ದೀಯೆಂದು ಗದರುತ್ತೇವೆ. ಆ ಹುಡುಗ ರೋಗಿಯೂ ಅಲ್ಲ, ಋಷಿಯೂ ಅಲ್ಲ. ಅವನಿಗೆ ಮಾತು ಹುಟ್ಟಲು ಸ್ವಲ್ಪ ಹೊತ್ತು ಬೇಕು, ಹತ್ತು ಜನರ ನಡುವೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಇಷ್ಟೇ.

ಈಗ ಕಾದಂಬರಿಗಳಿಗೆ ಬರೋಣ. ಈ ವಿಷಯದಲ್ಲಿ ಮೊದಲು ನೆನಪಾಗುವವರು ಶಿವರಾಮ ಕಾರಂತರು. 1968ರಲ್ಲಿ ಪ್ರಕಟವಾಗಿ, ಮುಂದೆ ಜ್ಞಾನಪೀಠ ಪ್ರಶಸ್ತಿಯ ಸಂದರ್ಭದಲ್ಲಿ ನಾಡೆಲ್ಲ ಮಾತಾಡಿಕೊಂಡ 'ಮೂಕಜ್ಜಿಯ ಕನಸುಗಳು' ಕೃತಿಯ ಹೆಸರಿನಲ್ಲಿಯೇ ಒಂದು ಸ್ವಾರಸ್ಯವುಂಟು. ಮೂಕಾಂಬಿಕೆಯೆಂಬ ಹೆಸರು ಸವೆದು ಮೂಕಜ್ಜಿಯಾಗಿದೆ. ಆದರೆ ಬಾಲ್ಯದಲ್ಲಿಯೇ ವಿಧವೆಯಾಗಿ, ಒಂದು ಮನೆಯ ಮೂಲೆಯಲ್ಲಿ ಎಂಬತ್ತು ವರ್ಷ ಸವೆಸಿದ ಹೆಂಗಸಿಗೆ ಆ ಹೆಸರು ಎರಡನೆಯ ಅರ್ಥದಲ್ಲಿಯೂ ಒಪ್ಪುತ್ತದೆ. ಊರಿಗೆ ಅವಳು ಅರೆಮರುಳಿನ ಮುದುಕಿ. ಮೊಮ್ಮಗ ಸುಬ್ರಾಯ ಒಂದು ವಸ್ತುವನ್ನು ತಂದು ಅವಳ ಅಂಗೈಯಲ್ಲಿಟ್ಟು, ಇದೇನಜ್ಜಿ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾನೆ. ಆಗ ಅಜ್ಜಿ ಬಾಯಿ ಬಿಡುತ್ತಾಳೆ; ಸಾವಿರಾರು ವರ್ಷಗಳ ನಂಬಿಕೆ, ದೇವರು, ಹೆಣ್ಣುಗಂಡಿನ ಬಾಳು ಎಲ್ಲವೂ ಅವಳ ಮಾತಿನಲ್ಲಿ ಬಿಚ್ಚಿಕೊಳ್ಳುತ್ತವೆ. ವಿಮರ್ಶಕರು ಸಾಮಾನ್ಯವಾಗಿ ಅಜ್ಜಿಯ ಅತೀಂದ್ರಿಯ ಶಕ್ತಿಯನ್ನು ಕುರಿತು ಚರ್ಚಿಸುತ್ತಾರೆ. ನನಗೆ ಸುಬ್ರಾಯನ ಶಕ್ತಿಯೂ ಅಷ್ಟೇ ಅಪೂರ್ವವೆಂದು ತೋರುತ್ತದೆ. ಅವನು ಕೇಳಬಲ್ಲವನು. ಆ ಊರಿನಲ್ಲಿ ಅಜ್ಜಿಯಂಥವರು ಇನ್ನೂ ಕೆಲವರಿದ್ದಿರಬಹುದು. ಸುಬ್ರಾಯನಂಥ ಮೊಮ್ಮಗನಿಲ್ಲದೆ ಅವರು ಮೂಕರಾಗಿಯೇ ಹೋಗಿರಬೇಕು.

ಇದಕ್ಕೆ ಎದುರಾದ ಚಿತ್ರ ಕಾರಂತರದೇ 'ಬೆಟ್ಟದ ಜೀವ' (1943). ಅದರ ಗೋಪಾಲಯ್ಯ ಕನ್ನಡದ ಅತ್ಯಂತ ಪ್ರೀತಿಪಾತ್ರರಾದ ಮಾತುಗಾರರಲ್ಲೊಬ್ಬರು. ಕಾಡಿನ ನಡುವೆ ಬದುಕು ಕಟ್ಟಿದ ಆ ಮುದುಕರು, ದಾರಿ ತಪ್ಪಿ ಬಂದ ಅತಿಥಿಯನ್ನು ಉಪಚಾರದಲ್ಲಿಯೂ ಮಾತಿನಲ್ಲಿಯೂ ಮುಳುಗಿಸುತ್ತಾರೆ. ತೋಟ, ಹುಲಿ, ಬೆಟ್ಟ, ಸ್ನಾನದ ಬಿಸಿನೀರು, ಎಲ್ಲದರ ಮೇಲೂ ಮಾತು. ಓದುತ್ತ ಹೋದಂತೆ ನಮಗೆ ತಿಳಿಯುತ್ತದೆ: ಅಷ್ಟು ಮಾತಿನ ನಡುವೆ ಒಂದು ಮಾತು ಮಾತ್ರ ಸುಲಭವಾಗಿ ಬರುವುದಿಲ್ಲ. ಮನೆ ಬಿಟ್ಟು ಹೋದ ಮಗ ಶಂಭುವಿನ ಮಾತು ಅದು. ಗೋಪಾಲಯ್ಯನವರು ಮಾತಾಡುತ್ತಲೇ ಮೌನಿಯಾಗಿದ್ದಾರೆ. ಗಂಡನ ನಗುವಿನ ಹಿಂದೆ ಏನಿದೆಯೆಂಬುದು ಶಂಕರಮ್ಮನಿಗೆ ಗೊತ್ತು, ಕ್ರಮೇಣ ಅತಿಥಿಗೂ ಗೊತ್ತಾಗುತ್ತದೆ. ಮಾತುಗಾರನೆಂದರೆ ಒಳಗನ್ನು ತೆರೆದಿಟ್ಟವನು, ಮೌನಿಯೆಂದರೆ ಬಚ್ಚಿಟ್ಟವನು ಎಂದು ನಂಬಿರುವ ಲೋಕಕ್ಕೆ ಈ ಕಾದಂಬರಿ ಮೆಲ್ಲನೆ ಕೊಡುವ ಉತ್ತರವಿದು. ಬಚ್ಚಿಡುವುದಕ್ಕೆ ಮಾತಿಗಿಂತ ದಟ್ಟವಾದ ಕಾಡು ಬೇರೊಂದಿಲ್ಲ.

ತ್ರಿವೇಣಿಯವರ (1928-1963) 'ಶರಪಂಜರ'ದಲ್ಲಿ ಇನ್ನೊಂದು ಬಗೆಯ ಮೌನವಿದೆ. 1971ರ ಚಲನಚಿತ್ರದಿಂದ ಆ ಕಥೆ ಎಲ್ಲರಿಗೂ ಪರಿಚಿತ. ಮಾನಸಿಕ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬಂದ ಕಾವೇರಿಯನ್ನು ಮನೆಯೂ ನೆರೆಯೂ ನೋಡುವ ನೋಟವೇ ಆ ಕೃತಿಯ ಹೃದಯ. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಹೆಚ್ಚು ಅನುಮಾನ. ಆರೋಗ್ಯವಂತಳಾದ ಹೆಂಗಸಿಗೆ ಸಹಜವೆನಿಸುವ ಒಂದು ಘಳಿಗೆಯ ಮೌನವೂ ಅವಳಿಗೆ ನಿಷಿದ್ಧವಾಗುತ್ತದೆ. ಸ್ವಭಾವದಿಂದ ಬಂದ ಮೌನ ಬೇರೆ, ಸುತ್ತಲಿನವರ ಕಣ್ಣುಗಳು ಕಟ್ಟಿಹಾಕಿದ ಮೌನ ಬೇರೆ ಎಂಬುದನ್ನು ತ್ರಿವೇಣಿಯವರಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ. ಮೊದಲನೆಯದು ಮನುಷ್ಯನ ಮನೆ. ಎರಡನೆಯದು ಅವನ ಸೆರೆಮನೆ. ಹೊರಗಿನಿಂದ ನೋಡುವವನಿಗೆ ಎರಡರ ಬಾಗಿಲೂ ಒಂದೇ ರೀತಿ ಮುಚ್ಚಿರುತ್ತದೆ.

ಮೂರನೆಯ ಬಗೆಯನ್ನು ಅನಂತಮೂರ್ತಿಯವರ 'ಮೌನಿ' ಕಥೆಯಲ್ಲಿ ಕಾಣಬಹುದು. ಅದೇ ಹೆಸರಿನ ಸಂಕಲನ 1972ರದು. ಅಲ್ಲಿ ಇಬ್ಬರು ಭಟ್ಟರು: ವ್ಯವಹಾರದ ನಾಲಿಗೆಯುಳ್ಳ ಅಪ್ಪಣ್ಣ ಭಟ್ಟ, ಬಾಯಿ ಬಿಡದ ಕುಪ್ಪಣ್ಣ ಭಟ್ಟ. ಸಾಲ, ಹಗೆತನ, ಕೈಬಿಟ್ಟು ಹೋಗುತ್ತಿರುವ ಬದುಕು, ಇವುಗಳ ನಡುವೆ ಕುಪ್ಪಣ್ಣ ಭಟ್ಟನ ಮೌನ ಕಲ್ಲಿನಂತೆ ಕೂತಿದೆ. ಅದು ಸಹನೆಯೇ, ಹಠವೇ, ಸೋತವನ ಕೊನೆಯ ಆಯುಧವೇ ಎಂದು ಓದುಗ ಕೇಳಿಕೊಳ್ಳುತ್ತಲೇ ಇರಬೇಕಾಗುತ್ತದೆ. ಮೌನಿಯೆಂದರೆ ಸಾತ್ತ್ವಿಕ, ಮಾತುಗಾರನೆಂದರೆ ಕಪಟಿ ಎಂಬ ಸುಲಭದ ಲೆಕ್ಕ ಆ ಕಥೆಯ ಮುಂದೆ ನಿಲ್ಲುವುದಿಲ್ಲ. ಮೌನದಲ್ಲಿಯೂ ಅಹಂಕಾರವಿರಬಲ್ಲದು. ತಾನು ಮಾತಾಡದಿರುವುದರಿಂದಲೇ ತಾನು ಮೇಲಿನವನೆಂದು ಬಗೆದು, ಎದುರಿನವನ ಮಾತನ್ನೆಲ್ಲ ಒಳಗೊಳಗೇ ತೂಗಿ ತಿರಸ್ಕರಿಸುವ ಮೌನಿಗಳನ್ನು ನಾನು ಬಲ್ಲೆ. ಅವರಲ್ಲಿ ಒಬ್ಬನನ್ನು ತೀರ ಹತ್ತಿರದಿಂದ, ಕನ್ನಡಿಯಲ್ಲಿ, ಬಲ್ಲೆ.

ಮೌನದ ಅತ್ಯಂತ ಕಠಿಣವಾದ ವಿಮರ್ಶೆ ಬಂದದ್ದು ಇತ್ತೀಚೆಗೆ, ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನೀಳ್ಗತೆಯಲ್ಲಿ. ಅದರ ನಿರೂಪಕ ನಮ್ಮಂಥ ಪಟ್ಟಣದ ಮಧ್ಯಮವರ್ಗದವನೇ. ಚಿಕ್ಕಪ್ಪನ ಮಸಾಲೆಯ ವ್ಯಾಪಾರದಿಂದ ಇದ್ದಕ್ಕಿದ್ದಂತೆ ಹಣವಂತವಾದ ಮನೆಯ ಹುಡುಗ. ಕಾಫಿಹೌಸಿನ ಮೂಲೆಯಲ್ಲಿ ಕೂತು ಮೃದುವಾಗಿ ಕಥೆ ಹೇಳುವ ಅವನನ್ನು ಮೊದಮೊದಲು ನಾವು ನಂಬುತ್ತೇವೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ. ಮನೆಯವರು ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ನಿರೂಪಕನಿಗೆ ಅದು ತಪ್ಪೆಂದು ಗೊತ್ತು, ಆದರೂ ಸುಮ್ಮನಿರುತ್ತಾನೆ. ಅವನ ಹೆಂಡತಿ ಅನಿತಾ ಸುಮ್ಮನಿರುವುದಿಲ್ಲ. ಅಲ್ಲಿಂದ ಮುಂದೆ ಅವನ ಸೌಮ್ಯತೆ ಓದುಗನಿಗೆ ಭಯ ಹುಟ್ಟಿಸತೊಡಗುತ್ತದೆ. ಆ ಮನೆಯ ಸುಖದಲ್ಲಿ ಅವನಿಗೆ ಪಾಲಿದೆ. ಅವನ ಮೌನ ಆ ಪಾಲಿಗೆ ತೆತ್ತ ಬಾಡಿಗೆ.

ಹೀಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಊರಿನ ನಾಲಿಗೆಯಲ್ಲಿ ಮೌನವೆಲ್ಲ ಒಂದೇ. ಅದಕ್ಕೆ ಗುಮ್ಮನಗುಸುಕತನ ಎಂದು ಹೆಸರು. ಸಾಹಿತ್ಯದಲ್ಲಿ ಮೌನಗಳು ಹಲವು. ಕೇಳುವವನಿಲ್ಲದ ಮೌನ, ಮಾತಿನ ಮರೆಯಲ್ಲಿ ಅಡಗಿದ ಮೌನ, ಹೇರಲ್ಪಟ್ಟ ಮೌನ, ಹಠದ ಮೌನ, ಪಾಲುದಾರನ ಮೌನ. ಇವುಗಳನ್ನು ಬೇರೆಬೇರೆಯಾಗಿ ಗುರುತಿಸುವ ಸೂಕ್ಷ್ಮವನ್ನು ನಮ್ಮ ಲೇಖಕರು ಸಂಪಾದಿಸಿಕೊಂಡಿದ್ದಾರೆ. ಅವರು ಮೌನವನ್ನು ಹೊಗಳಲಿಲ್ಲ, ಅದಕ್ಕೆ ಔಷಧವನ್ನೂ ಹೇಳಲಿಲ್ಲ; ಅದನ್ನು ಓದಿದರು. ಮೌನವೂ ಓದಬೇಕಾದ ಒಂದು ಲಿಪಿಯೆಂಬುದು ಅವರಿಂದ ನಾನು ಕಲಿತ ಪಾಠ.

ಓದಿದ ಮೇಲೆ ತೂಗುವುದು ಹೇಗೆ? ಇದಕ್ಕೆ ಮಹಾಭಾರತದ ದ್ಯೂತಸಭೆಗಿಂತ ಒಳ್ಳೆಯ ತಕ್ಕಡಿಯಿಲ್ಲ. ದ್ರೌಪದಿ ಪ್ರಶ್ನೆ ಕೇಳಿದಾಗ ಅಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ದುಶ್ಶಾಸನ, ಕರ್ಣರು ಬೇಕಾದಷ್ಟು ಮಾತಾಡಿದರು. ಭೀಷ್ಮರು ಧರ್ಮ ಸೂಕ್ಷ್ಮವೆಂದು ಜಾರಿಕೊಂಡರು. ಹಿರಿಯರು ಹಲವರು ತಲೆ ತಗ್ಗಿಸಿದರು. ಕೌರವರಲ್ಲಿಯೇ ಒಬ್ಬನಾದ ವಿಕರ್ಣ, ಅಷ್ಟರವರೆಗೆ ನಾವು ಹೆಸರು ಕೂಡ ಗಮನಿಸಿರದ ಹುಡುಗ, ಎದ್ದು ನಿಂತು ಇದು ಅನ್ಯಾಯವೆಂದ. ಮುಂದೆಯೂ ಅವನು ಕಥೆಯಲ್ಲಿ ಹೆಚ್ಚು ಕಾಣಿಸಿಕೊಳ್ಳುವುದಿಲ್ಲ. ಕಡಮೆ ಮಾತಾಡುವವರಿಗೆ ವಿಕರ್ಣನೇ ಕುಲದೈವವಾಗಲು ಯೋಗ್ಯ. ಮೌನದ ಬೆಲೆಯನ್ನು ಮೌನಿಯೇ ತೆರುತ್ತಿದ್ದರೆ ಅದು ಅವನ ಸ್ವಭಾವ. ಅವನ ಹಕ್ಕು ಕೂಡ. ಆ ಬೆಲೆಯನ್ನು ಇನ್ನೊಬ್ಬರು ತೆರುತ್ತಿದ್ದರೆ, ಆಗ ಅವನು ನಾಲಿಗೆ ತಡವರಿಸಿದರೂ ಎದ್ದು ಮಾತಾಡಲೇಬೇಕು.

ಇಷ್ಟೆಲ್ಲ ಬರೆಯಲು ನನಗಿರುವ ಅಧಿಕಾರ ಅಷ್ಟು ದೊಡ್ಡದೇನಲ್ಲ. ಅದನ್ನು ಹೇಳಿಕೊಳ್ಳದೆ ಮುಗಿಸಿದರೆ ಈ ಲೇಖನವೂ ಒಂದು ಬಗೆಯ ಗುಮ್ಮನಗುಸುಕತನವಾದೀತು.

ಕೆಲವು ವರ್ಷಗಳ ಹಿಂದೆ ನನ್ನ ಪದವಿ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯಿದ್ದಳು. ಕಿಟಕಿಯ ಪಕ್ಕದ ಬೆಂಚು, ಹಾಜರಿ ಕರೆದಾಗ ಮಾತ್ರ ಕೇಳುವ ಧ್ವನಿ. ಆಂತರಿಕ ಅಂಕಗಳಲ್ಲಿ ಹತ್ತು ಅಂಕ ತರಗತಿಯ ಮುಂದೆ ನಿಂತು ವಿಷಯ ಮಂಡಿಸುವುದಕ್ಕೆಂದು ಇದ್ದವು. ಅವಳಿಗೆ ಬಂದ ವಿಷಯ 'ಮೂಕಜ್ಜಿಯ ಕನಸುಗಳು'. ವಿಧಿಯ ಹಾಸ್ಯವೆಂದರೆ ಇದೇ. ಅವಳು ಮುಂದೆ ಬಂದು ನಿಂತಳು. ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು. ನಾಲ್ಕೈದು ವಾಕ್ಯ ಹೇಳಿ ನಿಂತಳು. ನಾನು ಗಡಿಯಾರ ನೋಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ಸಾಕಮ್ಮ, ಕೂತುಕೋ" ಎಂದೆ. ಅವಳ ನಂತರ ಬಂದ ಹುಡುಗ ಕಾದಂಬರಿಯನ್ನು ಓದಿರಲಿಲ್ಲವೆಂಬುದು ಅವನ ಮೂರನೆಯ ವಾಕ್ಯದಲ್ಲಿಯೇ ತಿಳಿಯಿತು. ಆದರೆ ಹದಿನೈದು ನಿಮಿಷ ನೀರು ಕುಡಿಯದೆ ಮಾತಾಡಿದ. ಅವಳಿಗೆ ಹತ್ತಕ್ಕೆ ಮೂರು, ಅವನಿಗೆ ಎಂಟು ಬರೆದೆ.

ತಿಂಗಳಾದ ಮೇಲೆ ಅವಳ ಕಿರುಪರೀಕ್ಷೆಯ ಉತ್ತರ ಪತ್ರಿಕೆ ನನ್ನ ಕೈಗೆ ಬಂತು. ಅಜ್ಜಿಯ ಮಾತಿಗಿಂತ, ಅಜ್ಜಿ ಮಾತಾಡುವ ಮುಂಚೆ ಸುಬ್ರಾಯ ಕಾಯುವ ಹೊತ್ತು ಮುಖ್ಯ ಎಂದು ಅವಳು ಬರೆದಿದ್ದಳು. ಮೇಲೆ ನಾನು ಸುಬ್ರಾಯನನ್ನು ಕುರಿತು ನನ್ನದೆಂಬಂತೆ ಹೇಳಿದ ಮಾತಿನ ಮೂಲ ಆ ಉತ್ತರ ಪತ್ರಿಕೆ. ಹತ್ತು ವರ್ಷ ಆ ಕಾದಂಬರಿಯನ್ನು ಪಾಠ ಹೇಳಿದ ನನಗೆ ಅದು ಹೊಳೆದಿರಲಿಲ್ಲ. ಅಂಕಪಟ್ಟಿ ಅಷ್ಟರಲ್ಲಿ ಕಛೇರಿಗೆ ಹೋಗಿಯಾಗಿತ್ತು. ತಿದ್ದಲು ಅರ್ಜಿ ಕೊಡಬಹುದಿತ್ತು. ವಿವರಣೆ ಬರೆಯಬೇಕಾಗುತ್ತದೆ, ನಾಲ್ಕು ಜನರೆದುರು ಮಾತಾಡಬೇಕಾಗುತ್ತದೆ ಎಂದು ಸುಮ್ಮನಾದೆ. ಆ ಮೌನ ಯಾವ ಬಗೆಯದೆಂದು ವಾಚಕರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೆಲೆ ತೆತ್ತವಳು ಅವಳು. ಪದವಿ ಮುಗಿಸಿ ಹೋದಳು; ಮತ್ತೆ ಕಂಡಿಲ್ಲ.

ಅಂದಿನಿಂದ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇನೆ. ಪ್ರಶ್ನೆ ಕೇಳಿದ ಮೇಲೆ ಮೊದಲು ಎದ್ದ ಕೈಯನ್ನು ಒಡನೆಯೇ ಕರೆಯುವುದಿಲ್ಲ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತೇನೆ. ಹಿಂದಿನ ದಿನವೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಿಡುತ್ತೇನೆ. ಮಂಡಿಸಲಾರದವರು ಬರೆದು ತರಬಹುದು. ನನ್ನ ಮೇಜಿನ ಪಕ್ಕ ಕೂತು ಒಬ್ಬನಿಗೇ ಹೇಳಬಹುದು. ಇದರಿಂದ ಮೌನಿಗಳೆಲ್ಲ ವಾಗ್ಮಿಗಳಾದರೆಂದು ಹೇಳಲಾರೆ, ಆಗಬೇಕಾಗಿಯೂ ಇಲ್ಲ. ಆದರೆ ಆ ಇಪ್ಪತ್ತು ಎಣಿಕೆಯ ಮೌನದಲ್ಲಿ ತರಗತಿ ಮೊದಮೊದಲು ಚಡಪಡಿಸುತ್ತಿತ್ತು, ಈಗ ಅಷ್ಟಾಗಿ ಇಲ್ಲ. ಹದಿನೈದು ಹದಿನಾರಕ್ಕೆ ಬಂದಾಗ, ಎಂದೂ ಏಳದ ಕೈಯೊಂದು ಅರ್ಧ ಏಳುವುದುಂಟು.

ಕನ್ನಡದಲ್ಲಿ ಲಲಿತ ಪ್ರಬಂಧಕ್ಕೆ ಹರಟೆಯೆಂಬ ಇನ್ನೊಂದು ಹೆಸರಿದೆ. 'ಹಗಲುಗನಸುಗಳು' ಬರೆದ ಎ. ಎನ್. ಮೂರ್ತಿರಾಯರಂಥವರು ಆ ಪ್ರಕಾರಕ್ಕೆ ತಂದ ಘನತೆ ನಮಗೆಲ್ಲ ತಿಳಿದದ್ದೇ. ಆ ಹರಟೆಯಲ್ಲಿ ಒಂದು ಸೌಕರ್ಯವುಂಟು: ಲೇಖಕ ಎಷ್ಟು ಹೊತ್ತು ತಡೆದು ಬೇಕಾದರೂ ಮಾತಾಡಬಹುದು, ಯಾರೂ ಅವನ ಮಾತನ್ನು ತುಂಡರಿಸುವುದಿಲ್ಲ, ಕೇಳುವವನು ಪತ್ರಿಕೆಯನ್ನು ಹಿಡಿದು ತನ್ನಷ್ಟಕ್ಕೆ ಸುಮ್ಮನೆ ಕೂತಿರುತ್ತಾನೆ. ಭಾನುವಾರದ ಬೆಳಗ್ಗೆ ಈ ಪುಟವನ್ನು ಹಿಡಿದು ಇಷ್ಟು ದೂರ ಬಂದ ವಾಚಕರು ಅಷ್ಟು ಹೊತ್ತು ಒಂದು ಮಾತನ್ನೂ ಆಡಿಲ್ಲ. ಒಳಗಿನಿಂದ ಯಾರಾದರೂ, "ಏನು, ಗುಮ್ಮನಗುಸುಕನ ಹಾಗೆ ಕೂತಿದ್ದೀರಿ?" ಎಂದು ಕೇಳಿದರೆ, ಇನ್ನು ಎದ್ದು ಹೋಗಿ ಉತ್ತರ ಕೊಡಬಹುದು.